ಅಪ್‌ಡೇಟ್ ಆದ್ಮೇಲೆ ಹಳೇ ಲ್ಯಾಪ್‌ಟಾಪ್ ಏಳ್ತಾನೇ ಇಲ್ಲ, ಫಾರ್ಮ್ಯಾಟ್ ಮಾಡಿಸ್ಬಿಡ್ಲಾ?

ಪ್ರಶ್ನೆ: ನಮಸ್ತೆ ಸರ್, ನಂದು ಸುಮಾರು ಹತ್ತು ವರ್ಷ ಹಳೇ ಲ್ಯಾಪ್‌ಟಾಪ್, ವಿಂಡೋಸ್ 10, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಮೊನ್ನೆ ಶಟ್‌ಡೌನ್ ಮಾಡೋವಾಗ ಅಪ್‌ಡೇಟ್ ತಗೊಳ್ತು, ಅರ್ಧಕ್ಕೆ ನಿಂತು 'ಅನ್‌ಡೂಯಿಂಗ್ ಚೇಂಜಸ್' ಅಂತ ಬಂತು, ಆಮೇಲಿಂದ ಬರೀ ರೀಸ್ಟಾರ್ಟ್ ಆಗ್ತಾನೇ ಇದೆ. ಯಾವಾಗಾದ್ರೂ ಒಂದ್ಸಲ ಲಾಗಿನ್ ಸ್ಕ್ರೀನ್ ತನಕ ಬಂದು ಹ್ಯಾಂಗ್ ಆಗುತ್ತೆ. ನೋಡಿದವರೆಲ್ಲ ಫಾರ್ಮ್ಯಾಟ್ ಮಾಡ್ಸಿ, ಇಲ್ಲಾ ಹೊಸದು ತಗೊಳ್ಳಿ ಅಂತಾರೆ. ಮಕ್ಕಳ ಫೋಟೋ, ಲೆಕ್ಕದ ಫೈಲು ಎಲ್ಲಾ ಅದ್ರಲ್ಲೇ ಇದೆ, ಬ್ಯಾಕಪ್ ಇಲ್ಲ. ಫಾರ್ಮ್ಯಾಟ್ ಇಲ್ದೆ ಸರಿ ಮಾಡೋಕಾಗುತ್ತಾ? ಇನ್ಮೇಲೆ ಅಪ್‌ಡೇಟೇ ಆಗದ ಹಾಗೆ ಆಫ್ ಮಾಡಿಬಿಟ್ರೆ ಹೇಗೆ?

ಉತ್ತರ: ಫಾರ್ಮ್ಯಾಟ್ ಬೇಡ. ಕನಿಷ್ಠ ಈಗ ಬೇಡ. ನಿಮ್ಮ ಪ್ರಶ್ನೆ ಓದಿದಾಗ ನಂಗೆ ಭಯ ಆಗಿದ್ದು ಒಂದೇ ಮಾತಿಗೆ, 'ಬ್ಯಾಕಪ್ ಇಲ್ಲ' ಅಂದ್ರಲ್ಲ, ಅದಕ್ಕೆ. ವಿಂಡೋಸ್ ಹಾಳಾದ್ರೆ ಎಷ್ಟು ಸಲ ಬೇಕಾದ್ರೂ ಹಾಕ್ಕೊಬೋದು, ಮಕ್ಕಳ ಫೋಟೋ ಹೋದ್ರೆ ಹೋದಂಗೇ. ಅದಕ್ಕೇ ನಾನು ಹೇಳೋ ಕ್ರಮ ಬೇರೆಯವರು ಹೇಳೋದಕ್ಕಿಂತ ಉಲ್ಟಾ ಇರುತ್ತೆ, ಮೊದ್ಲು ಫೈಲು ಹೊರಗೆ ತೆಗೀಬೇಕು, ಆಮೇಲೆ ಡಿಸ್ಕ್ ಆರೋಗ್ಯ ನೋಡ್ಬೇಕು, ಅದೆರಡೂ ಆದ್ಮೇಲೇ ಅಪ್‌ಡೇಟ್ ತೆಗಿಯೋದು, ರಿಪೇರಿ ಮಾಡೋದು ಎಲ್ಲಾ.

ಯಾಕೆ ಡಿಸ್ಕ್ ಮೇಲೆ ಅನುಮಾನ ಅಂತ ಹೇಳ್ತೀನಿ ಕೇಳಿ. ಹತ್ತು ವರ್ಷದ ಮಷೀನಲ್ಲಿ ಅಪ್‌ಡೇಟ್ ಫೇಲ್ ಆದ್ರೆ ಎಲ್ಲರೂ ಅಪ್‌ಡೇಟನ್ನೇ ಬೈತಾರೆ, ತಪ್ಪೇನಿಲ್ಲ, ಮೈಕ್ರೋಸಾಫ್ಟ್ ಕೆಟ್ಟ ಅಪ್‌ಡೇಟ್ ಬಿಟ್ಟಿರೋ ಉದಾಹರಣೆ ಬೇಕಾದಷ್ಟಿದೆ, ಮುಂದೆ ಹೇಳ್ತೀನಿ. ಆದ್ರೆ ದಿನಾ ನೀವು ಕಂಪ್ಯೂಟರ್ ಬಳಸೋವಾಗ ಏನಾಗುತ್ತೆ? ಬ್ರೌಸರ್ ತೆಗೀತೀರಿ, ಒಂದೆರಡು ಫೈಲ್ ತೆಗೀತೀರಿ, ಡಿಸ್ಕಿನ ಅದೇ ಜಾಗಗಳನ್ನ ಮತ್ತೆ ಮತ್ತೆ ಓದ್ತಾ ಇರುತ್ತೆ ಅಷ್ಟೇ. ತಿಂಗಳ ಅಪ್‌ಡೇಟ್ ಬಂದಾಗ ಮಾತ್ರ ಸಾವಿರಾರು ಸಿಸ್ಟಂ ಫೈಲ್ ಓದಿ, ಹೋಲಿಸಿ ನೋಡಿ, ಹಳೇದನ್ನ ಪಕ್ಕಕ್ಕಿಟ್ಟು ಹೊಸದು ಬರೀಬೇಕು, ಅದೂ ವರ್ಷಗಟ್ಟಲೆ ಯಾರೂ ಮುಟ್ಟದ ಜಾಗದಲ್ಲಿ. ಹಳೇ ಮನೇಲಿ ಬೀರು ಸರಿಸಿದಾಗ ಹಿಂದಿನ ಗೋಡೆಗೆ ಗೆದ್ದಲು ಹಿಡಿದಿರೋದು ಗೊತ್ತಾಗುತ್ತಲ್ಲ, ಹಾಗೆ. ಬೀರು ಸರಿಸಿದ್ದಕ್ಕೆ ಗೆದ್ದಲು ಬಂದಿದ್ದಲ್ಲ. ಒಂದೇ ಒಂದು ಸೆಕ್ಟರ್, ಅಂದ್ರೆ ಡಿಸ್ಕಿನ ಒಂದು ಚಿಕ್ಕ ತುಂಡು ಜಾಗ, ಓದೋಕಾಗ್ಲಿಲ್ಲ ಅಂದ್ರೂ ಅಪ್‌ಡೇಟ್ ಅಲ್ಲೇ ನಿಂತು ವಾಪಸ್ ಹೋಗೋಕೆ ನೋಡುತ್ತೆ, ವಾಪಸ್ ಹೋಗೋಕೂ ಅದೇ ಡಿಸ್ಕೇ ಓದ್ಬೇಕು, ಅಲ್ಲೂ ಸಿಕ್ಕಾಕೊಳ್ಳುತ್ತೆ, ಕೊನೆಗೆ ನೀವು ಹೇಳೋ ರೀಸ್ಟಾರ್ಟ್ ಸುತ್ತು ಶುರುವಾಗುತ್ತೆ. ಇಂಥ ಡಿಸ್ಕ್ ಮೇಲೆ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದ್ರೆ ಒಂದೆರಡು ತಿಂಗಳು ಚೆನ್ನಾಗಿರುತ್ತೆ, ಮತ್ತೆ ಅದೇ ಕಥೆ, ಅಷ್ಟೊತ್ತಿಗೆ ಫೋಟೋಗಳೂ ಹೋಗಿರುತ್ವೆ.

ಇನ್ನೊಂದು ವಿಷಯ, ಓದ್ತಿರೋ ಬೇರೆಯವರಿಗೂ ಹೇಳೋದು. 'ಅನ್‌ಡೂಯಿಂಗ್ ಚೇಂಜಸ್' ಅಂತ ಬಂದಾಗ ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಹಳೇ ತಿರುಗೋ ಹಾರ್ಡ್ ಡಿಸ್ಕಲ್ಲಿ ಅದು ಒಂದು ಗಂಟೆ, ಎರಡು ಗಂಟೆನೂ ತಗೊಳ್ಳುತ್ತೆ, ಪರ್ಸೆಂಟೇಜ್ ಒಂದೇ ಕಡೆ ನಿಂತಂಗೆ ಕಾಣುತ್ತೆ. ಡಿಸ್ಕಿನ ಚಿಕ್ಕ ಲೈಟ್ ಮಿಣುಕ್ತಾ ಇದ್ರೆ ಕೆಲಸ ನಡೀತಿದೆ ಅಂತ ಅರ್ಥ, ಚಾರ್ಜರ್ ಹಾಕಿ ರಾತ್ರಿಯೆಲ್ಲಾ ಬಿಟ್ಟುಬಿಡಿ. ಬೆಳಗ್ಗೆವರೆಗೂ ಹಾಗೇ ಇದ್ರೆ ಆಗ ಯೋಚನೆ ಮಾಡಿ. ಡಿಸ್ಕಿಂದ ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬರ್ತಿದ್ರೆ ಮಾತ್ರ ಇದಕ್ಕೆ ಉಲ್ಟಾ, ತಕ್ಷಣ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಿ ನೋಡ್ಬೇಡಿ. ಪ್ರತಿ ಸಲ ಆನ್ ಮಾಡಿದಾಗಲೂ ಡೇಟಾ ವಾಪಸ್ ಸಿಗೋ ಸಾಧ್ಯತೆ ಕಮ್ಮಿ ಆಗ್ತಾ ಹೋಗುತ್ತೆ, ಆ ಡಿಸ್ಕ್ ಡೇಟಾ ರಿಕವರಿ ಮಾಡೋವ್ರ ಕೈಗೇ ಹೋಗ್ಬೇಕು.

ಸರಿ, ಸದ್ದೇನಿಲ್ಲ ಅಂತಿಟ್ಕೊಳ್ಳೋಣ. ಫೈಲ್ ಹೊರಗೆ ತೆಗಿಯೋಕೆ ನಂಗೆ ಅತಿ ನಂಬಿಕೆ ಇರೋ ದಾರಿ ಅಂದ್ರೆ ಪೆನ್‌ಡ್ರೈವಿಂದ ಲೈವ್ ಲಿನಕ್ಸ್ ಓಡಿಸೋದು, ಅಂದ್ರೆ ವಿಂಡೋಸ್ ಮುಟ್ಟದೆ ಇನ್ನೊಂದು ಆಪರೇಟಿಂಗ್ ಸಿಸ್ಟಂನ ಪೆನ್‌ಡ್ರೈವಿಂದಲೇ ನಡೆಸೋದು. ಹೆಸರು ಕೇಳಿ ಹೆದರಬೇಡಿ, ಏನೂ ಇನ್‌ಸ್ಟಾಲ್ ಮಾಡ್ಬೇಕಿಲ್ಲ. ಬೇರೆ ಯಾರದಾದ್ರೂ ಸರಿಯಾಗಿರೋ ಕಂಪ್ಯೂಟರಲ್ಲಿ ಲಿನಕ್ಸ್ ಮಿಂಟ್ (ಲಿನಕ್ಸಿನ ಒಂದು ಬಗೆ) ಐಎಸ್ಒ ಫೈಲ್, ಅಂದ್ರೆ ಇಡೀ ಸಿಸ್ಟಂ ಒಂದೇ ಫೈಲಾಗಿ ಇರೋದು, ಡೌನ್‌ಲೋಡ್ ಮಾಡಿ, ಎಕ್ಸ್‌ಎಫ್‌ಸಿಇ ಅನ್ನೋ ಆವೃತ್ತಿ ಹಳೇ ಮಷೀನಿಗೆ ಹಗುರ, 4 ಜಿಬಿ ರ‍್ಯಾಮಲ್ಲಿ ಆರಾಮಾಗಿ ಓಡುತ್ತೆ. ರೂಫಸ್ ಅಂತ ಒಂದು ಉಚಿತ ಟೂಲ್ ಇದೆ, ಅದ್ರಿಂದ ಆ ಐಎಸ್ಒನ 8 ಜಿಬಿ ಪೆನ್‌ಡ್ರೈವಿಗೆ ಹಾಕಿ, ಪೆನ್‌ಡ್ರೈವಲ್ಲಿ ಇರೋದೆಲ್ಲಾ ಅಳಿಸಿಹೋಗುತ್ತೆ ಅನ್ನೋದು ನೆನಪಿರಲಿ. ಅದನ್ನ ನಿಮ್ಮ ಲ್ಯಾಪ್‌ಟಾಪಿಗೆ ಚುಚ್ಚಿ ಆನ್ ಮಾಡಿದ ತಕ್ಷಣ ಬೂಟ್ ಮೆನು ಕೀ ಒತ್ತಬೇಕು, ಕಂಪನಿ ಮೇಲೆ ಹೋಗುತ್ತೆ, ಸಾಮಾನ್ಯವಾಗಿ ಎಫ್12, ಎಫ್9 ಇಲ್ಲಾ ಎಸ್ಕೇಪ್ ಇರುತ್ತೆ. ಡೆಸ್ಕ್‌ಟಾಪ್ ಬಂದ್ಮೇಲೆ ಅಲ್ಲಿರೋ 'ಇನ್‌ಸ್ಟಾಲ್' ಐಕಾನ್ ಮಾತ್ರ ಮುಟ್ಟಬೇಡಿ. ಫೈಲ್ ಮ್ಯಾನೇಜರ್ ತೆಗೆದ್ರೆ ನಿಮ್ಮ ಡಿಸ್ಕ್ ಎಡಗಡೆ ಕಾಣುತ್ತೆ, 'ಯೂಸರ್ಸ್' ಫೋಲ್ಡರ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತೆ, ಅದನ್ನ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡ್ಕೊಳ್ಳಿ. ಎಲ್ಲಾ ಒಟ್ಟಿಗೆ ಎಳೀಬೇಡಿ, ಮೊದ್ಲು ಫೋಟೋ, ಆಮೇಲೆ ಲೆಕ್ಕದ ಫೈಲು, ಆಮೇಲೆ ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್, ಯಾಕಂದ್ರೆ ಮಧ್ಯದಲ್ಲಿ ಡಿಸ್ಕ್ ಕೈ ಕೊಟ್ರೂ ಬೇಕಾಗಿದ್ದು ಉಳಿದಿರುತ್ತೆ. ಲೆಕ್ಕದ ಸಾಫ್ಟ್‌ವೇರ್ ಬಳಸ್ತಿದ್ರೆ ಅದರ ಡೇಟಾ ಫೋಲ್ಡರ್ ಎಷ್ಟೋ ಸಲ 'ಡಾಕ್ಯುಮೆಂಟ್ಸ್' ಒಳಗೆ ಇರಲ್ಲ, ನೇರ ಸಿ ಡ್ರೈವಲ್ಲೋ ಡಿ ಡ್ರೈವಲ್ಲೋ ಬೇರೆ ಹೆಸರಲ್ಲಿ ಕೂತಿರುತ್ತೆ, ಅದನ್ನ ಹುಡುಕಿ ತಗೊಳ್ಳಿ, ಜನ ಇದನ್ನೇ ಮರೆಯೋದು.

ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅನ್ನೋ ಕಾರಣಕ್ಕೆ ಲಿನಕ್ಸು ಆ ಡಿಸ್ಕನ್ನ ಬರೀ ಓದೋಕೆ ಮಾತ್ರ ತೆಗೀಬೋದು. ಅದು ಒಳ್ಳೇದೇ, ನಮಗೆ ಅಲ್ಲಿಗೆ ಏನೂ ಬರೆಯೋದು ಬೇಕಿಲ್ಲ. ಡಿಸ್ಕ್ ತೆಗಿಯೋಕೆ ಪಾಸ್‌ವರ್ಡೋ ಕೀನೋ ಕೇಳಿದ್ರೆ ಬಿಟ್‌ಲಾಕರ್, ಅಂದ್ರೆ ಡಿಸ್ಕಿಗೆ ಬೀಗ ಹಾಕೋ ವಿಂಡೋಸಿನ ಸೌಲಭ್ಯ, ಆನ್ ಆಗಿದೆ ಅಂತ, ಅದಕ್ಕೆ 48 ಅಂಕಿಯ ರಿಕವರಿ ಕೀ ಬೇಕು, ನೀವು ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆಗ್ತಿದ್ರೆ ಮೊಬೈಲಲ್ಲೇ ಆ ಅಕೌಂಟ್ ತೆಗೆದು ಡಿವೈಸ್ ವಿವರದಲ್ಲಿ ನೋಡಿದ್ರೆ ಸಿಗುತ್ತೆ. ಆ ಕೀ ಈಗ್ಲೇ ಒಂದು ಕಾಗದದ ಮೇಲೆ ಬರೆದಿಟ್ಕೊಳ್ಳಿ, ಮುಂದೆ ರಿಪೇರಿ ಮಾಡೋವಾಗ್ಲೂ ಕೇಳಬೋದು.

ಬೇರೆ ಕಂಪ್ಯೂಟರೇ ಸಿಗ್ಲಿಲ್ಲ ಅಂದ್ರೆ ಇನ್ನೊಂದು ಉಪಾಯ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ವಿಂಡೋಸಿನ ರಿಕವರಿ ಸ್ಕ್ರೀನಲ್ಲಿ (ಅಲ್ಲಿಗೆ ಹೋಗೋದು ಹೇಗೆ ಅಂತ ಮುಂದೆ ಹೇಳ್ತೀನಿ) ಕಮ್ಯಾಂಡ್ ಪ್ರಾಂಪ್ಟ್ ತೆಗೆದು 'ನೋಟ್‌ಪ್ಯಾಡ್' ಅಂತ ಟೈಪ್ ಮಾಡಿ ಎಂಟರ್ ಒತ್ತಿದ್ರೆ ನೋಟ್‌ಪ್ಯಾಡ್ ಬರುತ್ತೆ, ಅದ್ರಲ್ಲಿ 'ಫೈಲ್', 'ಓಪನ್' ಅಂತ ಹೋಗಿ ಕೆಳಗೆ 'ಆಲ್ ಫೈಲ್ಸ್' ಆರಿಸಿದ್ರೆ ಅದೇ ಒಂದು ಚಿಕ್ಕ ಫೈಲ್ ಮ್ಯಾನೇಜರ್ ಥರ ಕೆಲಸ ಮಾಡುತ್ತೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗಿ ಪೇಸ್ಟ್. ಎಷ್ಟು ಪರ್ಸೆಂಟ್ ಆಯ್ತು ಅಂತ ಸರಿಯಾಗಿ ತೋರಿಸಲ್ಲ, ಹಾಗಾಗಿ ತಾಳ್ಮೆ ಬೇಕು. ಅಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರುತ್ತೆ, ನಿಮ್ಮ ಸಿ ಡ್ರೈವ್ ಅಲ್ಲಿ ಡಿ ಅಂತ ಕಾಣಬೋದು, ನೋಡಿ ಗಾಬರಿ ಆಗ್ಬೇಡಿ.

ಫೈಲು ಹೊರಗೆ ಬಂತಾ? ಈಗ ಅದೇ ಲೈವ್ ಲಿನಕ್ಸಲ್ಲಿ 'ಡಿಸ್ಕ್ಸ್' ಅಂತ ಒಂದು ಆ್ಯಪ್ ಇರುತ್ತೆ, ಅದ್ರಲ್ಲಿ ನಿಮ್ಮ ಡಿಸ್ಕ್ ಆರಿಸಿ ಮೆನುವಿನಲ್ಲಿ 'ಸ್ಮಾರ್ಟ್ ಡೇಟಾ' ನೋಡಿ, ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಕೊಳ್ಳೋ ಲೆಕ್ಕ ಅದು. ವಿಂಡೋಸಲ್ಲಾದ್ರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಟೂಲ್ ಇದನ್ನೇ ತೋರಿಸುತ್ತೆ. ಉದ್ದ ಪಟ್ಟಿ ಬರುತ್ತೆ, ನಮಗೆ ಬೇಕಾಗಿರೋದು ಮೂರೇ ಸಾಲು. 'ರೀಅಲೊಕೇಟೆಡ್ ಸೆಕ್ಟರ್' ಅಂದ್ರೆ ಕೆಟ್ಟುಹೋದ ಜಾಗದ ಬದಲಿಗೆ ಡಿಸ್ಕು ತನ್ನ ಮೀಸಲು ಜಾಗ ಬಳಸಿಕೊಂಡಿರೋ ಲೆಕ್ಕ. 'ಕರೆಂಟ್ ಪೆಂಡಿಂಗ್ ಸೆಕ್ಟರ್' ಅಂದ್ರೆ ಓದೋಕಾಗದೆ ಅನುಮಾನದಲ್ಲಿರೋ ಜಾಗ. 'ಅನ್‌ಕರೆಕ್ಟಬಲ್' ಅಂದ್ರೆ ಎಷ್ಟು ಒದ್ದಾಡಿದ್ರೂ ಸರಿ ಓದೋಕಾಗ್ದೇ ಇದ್ದದ್ದು. ಮೂರೂ ಸೊನ್ನೆ ಇದ್ರೆ ಸಂತೋಷ. ಮೊದಲನೇದು ಸ್ವಲ್ಪ ಇದ್ದು ಏರದೇ ನಿಂತಿದ್ರೆ ಇನ್ನೂ ಸ್ವಲ್ಪ ದಿನ ಓಡಬೋದು. ಎರಡನೇದು ಸೊನ್ನೆಗಿಂತ ಮೇಲಿದ್ರೆ ನಿಮ್ಮ ಅಪ್‌ಡೇಟ್ ಯಾಕೆ ಕೆಡ್ತು ಅನ್ನೋದಕ್ಕೆ ಹೆಚ್ಚುಕಮ್ಮಿ ಉತ್ತರ ಸಿಕ್ಕಂಗೆ, ಡಿಸ್ಕ್ ಬದಲಾಯಿಸೋದು ಬಿಟ್ಟು ಬೇರೆ ರಿಪೇರಿಗೆ ಸಮಯ ಹಾಕ್ಬೇಡಿ. ಮೇಲ್ಗಡೆ ದೊಡ್ಡದಾಗಿ 'ಡಿಸ್ಕ್ ಓಕೆ' ಅಂತ ಬರೆದಿರುತ್ತಲ್ಲ, ಅದನ್ನ ಮಾತ್ರ ನಂಬ್ಕೊಂಡು ಕೂರಬೇಡಿ, ಪೆಂಡಿಂಗ್ ಸೆಕ್ಟರ್ ಹತ್ತಾರು ಇದ್ರೂ ಎಷ್ಟೋ ಡಿಸ್ಕ್ ಓಕೆ ಅಂತಾನೇ ಹೇಳುತ್ತೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹುಡುಕಿದ್ರೆ ಎಲ್ಲಾ ಕಡೆ ಮೊದಲ ಸಲಹೆ ಚೆಕ್‌ಡಿಸ್ಕ್ (ವಿಂಡೋಸಿನ ಡಿಸ್ಕ್ ತಪಾಸಣೆ ಟೂಲ್) ಓಡಿಸಿ ಅಂತಲೇ ಬರುತ್ತೆ. ಫೈಲ್ ಕಾಪಿ ಆಗೋ ಮುಂಚೆ ದಯವಿಟ್ಟು ಓಡಿಸ್ಬೇಡಿ, ಅದರಲ್ಲೂ ಕೆಟ್ಟ ಸೆಕ್ಟರ್ ಹುಡುಕೋ ಆಪ್ಷನ್ ಹಾಕಿ ಓಡಿಸೋದು ಬೇಡವೇ ಬೇಡ. ಅದು ಇಡೀ ಡಿಸ್ಕನ್ನ ಮೂಲೆಮೂಲೆ ಓದುತ್ತೆ, ಸಾಯೋ ಸ್ಥಿತೀಲಿರೋ ಡಿಸ್ಕಿಗೆ ಅದೇ ಕೊನೇ ಕೆಲಸ ಆಗ್ಬೋದು, ಜೊತೆಗೆ ಅದರ ಉದ್ದೇಶ ಫೈಲ್ ಸಿಸ್ಟಂ ಸರಿಮಾಡೋದೇ ಹೊರತು ನಿಮ್ಮ ಫೋಟೋ ಉಳಿಸೋದಲ್ಲ. 'ರೀಸೆಟ್ ದಿಸ್ ಪಿಸಿ' ಒಳಗಿನ 'ಕೀಪ್ ಮೈ ಫೈಲ್ಸ್' ಬಗ್ಗೆನೂ ಇದೇ ಮಾತು. ಹೆಸರಲ್ಲಿ ಫೈಲ್ ಉಳಿಸ್ತೀನಿ ಅಂತಿದ್ರೂ ಡಿಸ್ಕ್ ಮೇಲೆ ಭಾರೀ ಕೆಲಸ ಅದು, ಅರ್ಧಕ್ಕೆ ನಿಂತ್ರೆ ಈಗಿರೋದಕ್ಕಿಂತ ಕೆಟ್ಟ ಜಾಗದಲ್ಲಿ ಬಿಡುತ್ತೆ.

ಡಿಸ್ಕ್ ಚೆನ್ನಾಗಿದೆ ಅಂತಾದ್ರೆ ಮಾತ್ರ ಈಗ ಅಪ್‌ಡೇಟ್ ಕಡೆ ಬರೋಣ. ಕೆಟ್ಟ ಅಪ್‌ಡೇಟ್ ಅನ್ನೋದು ಸುಳ್ಳಲ್ಲ, ಹಳೇ ಮಷೀನುಗಳಿಗೇ ಏಟು ಬಿದ್ದಿರೋದೂ ಇದೆ. 2018ರ ಜನವರಿಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಅನ್ನೋ ಪ್ರೊಸೆಸರ್ ದೋಷಗಳಿಗೆ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಾಗ ಹಳೇ ಎಎಂಡಿ ಪ್ರೊಸೆಸರ್ ಇದ್ದ ಎಷ್ಟೋ ಕಂಪ್ಯೂಟರ್ ಬೂಟೇ ಆಗದೆ ನಿಂತ್ವು, ಕೆಲವು ಎಎಂಡಿ ಚಿಪ್‌ಸೆಟ್‌ಗಳು ತಮಗೆ ಕೊಟ್ಟಿದ್ದ ದಾಖಲೆ ಥರ ನಡ್ಕೊಳ್ತಿಲ್ಲ ಅಂತ ಹೇಳಿ ಮೈಕ್ರೋಸಾಫ್ಟ್ ಆ ಮಷೀನುಗಳಿಗೆ ಅಪ್‌ಡೇಟ್ ಕೊಡೋದನ್ನೇ ತಡೆಹಿಡೀಬೇಕಾಯ್ತು. ಅದೇ ವರ್ಷ ಅಕ್ಟೋಬರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿ ಕೆಲವರ ಫೈಲುಗಳನ್ನೇ ಅಳಿಸಿಹಾಕ್ತು, ಕೆಲವೇ ದಿನದಲ್ಲಿ ನಿಲ್ಲಿಸಿ ನವೆಂಬರಲ್ಲಿ ಸರಿ ಮಾಡಿ ಮತ್ತೆ ಬಿಟ್ರು. 2021ರ ಮಾರ್ಚ್ ಅಪ್‌ಡೇಟ್ ಆದ್ಮೇಲೆ ಕೆಲವು ಪ್ರಿಂಟರ್‌ಗೆ ಪ್ರಿಂಟ್ ಕೊಟ್ರೆ ಸಾಕು, ಕಂಪ್ಯೂಟರ್ ಕ್ರ್ಯಾಶ್ ಆಗಿ ನೀಲಿ ಸ್ಕ್ರೀನ್ ಬರ್ತಿತ್ತು, ಒಂದು ವಾರದೊಳಗೆ ತುರ್ತು ಪ್ಯಾಚ್ ಬಂತು. ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಅಪ್‌ಡೇಟಿನದೇ ತಪ್ಪಿದ್ರೆ ಅದು ನಿಮ್ಮೊಬ್ಬರಿಗೇ ಆಗಲ್ಲ, ಅದೇ ಕೆಬಿ ನಂಬರ್ (ಪ್ರತಿ ಅಪ್‌ಡೇಟಿಗೆ ಮೈಕ್ರೋಸಾಫ್ಟ್ ಕೊಡೋ ನಂಬರ್) ಹೆಸರಲ್ಲಿ ಸಾವಿರಾರು ಜನ ಕೂಗಾಡ್ತಿರ್ತಾರೆ, ಮೈಕ್ರೋಸಾಫ್ಟಿನ 'ರಿಲೀಸ್ ಹೆಲ್ತ್' ಪುಟದಲ್ಲಿ ಗೊತ್ತಿರೋ ತೊಂದರೆ ಅಂತ ಬರ್ದಿರ್ತಾರೆ. ಹುಡುಕಿ ಎಲ್ಲೂ ಸುದ್ದಿಯಿಲ್ಲ, ನಿಮ್ಮ ಮಷೀನಲ್ಲಿ ಮಾತ್ರ ಆಗಿದೆ ಅಂದ್ರೆ ತಪ್ಪು ನಿಮ್ಮ ಮಷೀನ್ ಒಳಗೇ ಎಲ್ಲೋ ಇದೆ, ಡಿಸ್ಕ್, ಜಾಗ ಸಾಲದಿರೋದು, ರ‍್ಯಾಮ್, ಹಳೇ ಡ್ರೈವರ್, ಇಲ್ಲಾ ಹಳೇ ಆ್ಯಂಟಿವೈರಸ್.

ಅಪ್‌ಡೇಟ್ ತೆಗಿಯೋಕೆ ರಿಕವರಿ ಸ್ಕ್ರೀನಿಗೆ ಹೋಗ್ಬೇಕು. ನಿಮ್ದು ಒಮ್ಮೊಮ್ಮೆ ಲಾಗಿನ್ ಸ್ಕ್ರೀನ್ ತನಕ ಬರುತ್ತಲ್ಲ, ಅದು ಬಂದ ತಕ್ಷಣ ಹ್ಯಾಂಗ್ ಆಗೋ ಮುಂಚೆ ಶಿಫ್ಟ್ ಒತ್ತಿ ಹಿಡಿದು ಅಲ್ಲಿರೋ ಪವರ್ ಐಕಾನಲ್ಲಿ 'ರೀಸ್ಟಾರ್ಟ್' ಒತ್ತಿ, ಇದು ಎಲ್ಲಕ್ಕಿಂತ ಒಳ್ಳೇ ದಾರಿ. ಅದಾಗ್ಲಿಲ್ಲ ಅಂದ್ರೆ ಬೇರೆ ಕಂಪ್ಯೂಟರಲ್ಲಿ ವಿಂಡೋಸ್ 10 ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡ್ಕೊಂಡು ಅದ್ರಿಂದ ಬೂಟ್ ಮಾಡಿ 'ಇನ್‌ಸ್ಟಾಲ್ ನೌ' ಒತ್ತದೆ ಕೆಳಗೆ ಮೂಲೇಲಿರೋ 'ರಿಪೇರ್ ಯುವರ್ ಕಂಪ್ಯೂಟರ್' ಒತ್ತಿ. ಲೋಗೋ ಬಂದಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡೋದು, ಎರಡು ಸಲ ಹಾಗೆ ಮಾಡಿದ್ರೆ ಮುಂದಿನ ಸಲ ತಾನಾಗೇ 'ಆಟೋಮ್ಯಾಟಿಕ್ ರಿಪೇರ್' ಬರುತ್ತೆ ಅನ್ನೋ ದಾರಿನೂ ಇದೆ, ಕೆಲಸ ಮಾಡುತ್ತೆ, ಆದ್ರೆ ತಿರುಗೋ ಡಿಸ್ಕಿಗೆ ಅದು ಒಳ್ಳೇದಲ್ಲ, ಬೇರೇನೂ ಆಗ್ದೇ ಇದ್ರೆ ಮಾತ್ರ.

ರಿಕವರಿಲಿ 'ಟ್ರಬಲ್‌ಶೂಟ್', ಆಮೇಲೆ 'ಅಡ್ವಾನ್ಸ್‌ಡ್ ಆಪ್ಷನ್ಸ್', ಆಮೇಲೆ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್'. ಅಲ್ಲಿ ಎರಡು ಸಿಗುತ್ತೆ, 'ಕ್ವಾಲಿಟಿ ಅಪ್‌ಡೇಟ್' ಅಂದ್ರೆ ತಿಂಗಳ ತಿಂಗಳ ಬರೋದು, 'ಫೀಚರ್ ಅಪ್‌ಡೇಟ್' ಅಂದ್ರೆ ಇಡೀ ಆವೃತ್ತಿನೇ ಬದಲಾಗೋದು. ನಿಮ್ದು ಶಟ್‌ಡೌನ್ ಮಾಡೋವಾಗ ಬಂದಿದ್ದು ಅಂದ್ರಲ್ಲ, ಹಾಗಾಗಿ ಮೊದಲನೇದೇ ಇರ್ಬೇಕು, ಅದನ್ನ ತೆಗೀರಿ. ಫೀಚರ್ ಅಪ್‌ಡೇಟ್ ಆಗಿದ್ರೆ ವಾಪಸ್ ಹೋಗೋಕೆ ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ, ಅಷ್ಟರಲ್ಲಿ ಹಳೇ ವಿಂಡೋಸಿನ ಫೋಲ್ಡರ್ ಅಳಿಸಿಬಿಡುತ್ತೆ. ಇದು ಕೆಲಸ ಮಾಡ್ದೆ 'ಪೆಂಡಿಂಗ್ ಅಪ್‌ಡೇಟ್ ಇದೆ, ತೆಗಿಯೋಕಾಗಲ್ಲ' ಅನ್ನೋ ಥರ ಬಂದ್ರೆ ಕಮ್ಯಾಂಡ್ ಪ್ರಾಂಪ್ಟಲ್ಲಿ ಡಿಐಎಸ್‌ಎಂ ಅನ್ನೋ ಟೂಲಿನ 'ರಿವರ್ಟ್ ಪೆಂಡಿಂಗ್ ಆಕ್ಷನ್ಸ್' ಆಪ್ಷನ್ ಇದೆ, ಅರ್ಧಕ್ಕೆ ನಿಂತ ಅಪ್‌ಡೇಟನ್ನ ಹೊರಗಿಂದಾನೇ ರದ್ದು ಮಾಡೋದು ಅದು. ವಿಂಡೋಸ್ ಇರೋ ಡ್ರೈವಿನ ಅಕ್ಷರ ಸರಿಯಾಗಿ ಕೊಡ್ಬೇಕು, ಮೇಲೆ ಹೇಳಿದಂಗೆ ಅಲ್ಲಿ ಅದು ಸಿ ಆಗಿರ್ಲೇಬೇಕು ಅಂತಿಲ್ಲ. ನಿಮ್ಮ ಥರ 'ಅನ್‌ಡೂಯಿಂಗ್' ಸುತ್ತಿಗೆ ಸಿಕ್ಕಿದ ಮಷೀನಿಗೆ ಬಹಳ ಸಲ ಕೈ ಹಿಡಿಯೋದು ಇದೇ. ಅದೂ ಆಗ್ಲಿಲ್ಲ ಅಂದ್ರೆ 'ಸಿಸ್ಟಂ ರಿಸ್ಟೋರ್' ನೋಡಿ, ವಿಂಡೋಸ್ 10ರಲ್ಲಿ ಎಷ್ಟೋ ಕಂಪ್ಯೂಟರಲ್ಲಿ ಅದು ಆಫ್ ಆಗೇ ಇರುತ್ತೆ, ಹಾಗಾಗಿ ಹಳೇ ಪಾಯಿಂಟ್ ಸಿಗ್ದೇ ಇದ್ರೆ ಬೇಜಾರಾಗ್ಬೇಡಿ.

ಎದ್ದು ಬಂತು ಅಂತಿಟ್ಕೊಳ್ಳಿ. ತಕ್ಷಣ ಸೆಟ್ಟಿಂಗ್ಸಲ್ಲಿ ಅಪ್‌ಡೇಟ್ ಪಾಸ್ (pause) ಮಾಡಿ, ಅಂದ್ರೆ ಸ್ವಲ್ಪ ದಿನ ತಡೆದಿಡಿ, ಇಲ್ಲಾಂದ್ರೆ ಆ ರಾತ್ರಿನೇ ಅದೇ ಅಪ್‌ಡೇಟ್ ಮತ್ತೆ ಇಳಿದು ಮತ್ತೆ ಕೆಡುತ್ತೆ. ವಿಂಡೋಸ್ 10ರಲ್ಲಿ 35 ದಿನದ ತನಕ ಪಾಸ್ ಮಾಡ್ಬೋದು. ಆಮೇಲೆ ಸಿ ಡ್ರೈವಲ್ಲಿ ಎಷ್ಟು ಜಾಗ ಇದೆ ನೋಡಿ, 20 ಜಿಬಿಗಿಂತ ಕಮ್ಮಿ ಇದ್ರೆ ಮೊದ್ಲು ಜಾಗ ಮಾಡಿ, ಹಳೇ ಮಷೀನಲ್ಲಿ ಅಪ್‌ಡೇಟ್ ಕೆಡೋಕೆ ಡಿಸ್ಕ್ ಬಿಟ್ರೆ ನಾನು ಅನುಮಾನ ಪಡೋದು ಇದನ್ನೇ. 'ಈವೆಂಟ್ ವ್ಯೂವರ್' ತೆಗೆದು 'ಸಿಸ್ಟಂ' ಲಾಗಲ್ಲಿ 'ಡಿಸ್ಕ್' ಅನ್ನೋ ಹೆಸರಲ್ಲಿ 7 ಅಥವಾ 153 ನಂಬರಿನ ಎಂಟ್ರಿ ಇದೆಯಾ ಹುಡುಕಿ, 7 ಅಂದ್ರೆ ಕೆಟ್ಟ ಬ್ಲಾಕ್ ಸಿಕ್ತು ಅಂತ, 153 ಅಂದ್ರೆ ಓದೋಕೋ ಬರೆಯೋಕೋ ಮತ್ತೆ ಪ್ರಯತ್ನ ಪಡಬೇಕಾಯ್ತು ಅಂತ. ಅಪ್‌ಡೇಟ್ ಕೆಟ್ಟ ಸಮಯಕ್ಕೂ ಇವು ಬಂದ ಸಮಯಕ್ಕೂ ತಾಳೆ ಆದ್ರೆ ಸ್ಮಾರ್ಟ್ ಡೇಟಾ ಚೆನ್ನಾಗಿದ್ರೂ ಡಿಸ್ಕನ್ನ, ಇಲ್ಲಾ ಅದರ ಕೇಬಲ್ಲನ್ನ ನಂಬಬೇಡಿ.

ಎಲ್ಲಾ ಸರಿ ಇದ್ರೆ ಡಿಐಎಸ್‌ಎಂನ 'ರಿಸ್ಟೋರ್ ಹೆಲ್ತ್' ಮೊದ್ಲು ಓಡಿಸಿ, ಆಮೇಲೆ ಎಸ್‌ಎಫ್‌ಸಿ 'ಸ್ಕ್ಯಾನ್ ನೌ', ಇದು ಕೆಟ್ಟ ಸಿಸ್ಟಂ ಫೈಲ್ ಹುಡುಕಿ ಸರಿ ಮಾಡೋ ಟೂಲ್. ಜನ ಉಲ್ಟಾ ಮಾಡ್ತಾರೆ. ಎಸ್‌ಎಫ್‌ಸಿ ಸರಿಯಾದ ಫೈಲ್ ತಗೊಳ್ಳೋದು ಯಾವ ಉಗ್ರಾಣದಿಂದಲೋ ಅದನ್ನೇ ಡಿಐಎಸ್‌ಎಂ ಸರಿ ಮಾಡೋದು, ಹಾಗಾಗಿ ಈ ಕ್ರಮ. ಅದಾದ್ಮೇಲೆ ಅಪ್‌ಡೇಟ್ ಸರ್ವೀಸ್ ನಿಲ್ಲಿಸಿ 'ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್' ಫೋಲ್ಡರ್ ಹೆಸರು ಬದಲಾಯಿಸಿಬಿಟ್ರೆ ಅರ್ಧಂಬರ್ಧ ಇಳಿದಿರೋ ಅಪ್‌ಡೇಟ್ ಫೈಲ್ ಬಿಟ್ಟು ವಿಂಡೋಸ್ ಹೊಸದಾಗಿ ಇಳಿಸ್ಕೊಳ್ಳುತ್ತೆ. ಅಪ್‌ಡೇಟ್ ಜೊತೆ ಡಿಸ್‌ಪ್ಲೇ ಡ್ರೈವರ್ ಬದಲಾಗಿ ಸ್ಕ್ರೀನ್ ಕಪ್ಪಾಗೋದೂ ಹಳೇ ಲ್ಯಾಪ್‌ಟಾಪಲ್ಲಿ ಇದೆ, ಸೇಫ್ ಮೋಡಲ್ಲಿ (ಬೇಕೇ ಬೇಕಾದ ಡ್ರೈವರ್ ಮಾತ್ರ ಹಾಕ್ಕೊಂಡು ವಿಂಡೋಸ್ ಏಳೋ ಮೋಡ್) ಚೆನ್ನಾಗಿ ಬರುತ್ತೆ, ಮಾಮೂಲಿ ಮೋಡಲ್ಲಿ ಬರಲ್ಲ ಅಂದ್ರೆ ಡಿವೈಸ್ ಮ್ಯಾನೇಜರಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ನೋಡಿ.

0ಎಕ್ಸ್80070643 ಅನ್ನೋ ಎರರ್ ನೋಡಿ ತಲೆಕೆಡಿಸ್ಕೊಂಡವರು ಬಹಳ ಜನ, ಅದಕ್ಕೂ ಒಂದು ಮಾತು. 2024ರ ಜನವರಿ 9ಕ್ಕೆ ಬಂದ ಕೆಬಿ 5034441 ಅನ್ನೋ ಅಪ್‌ಡೇಟಿಗೆ ರಿಕವರಿ ಪಾರ್ಟಿಷನಲ್ಲಿ (ರಿಕವರಿ ಸ್ಕ್ರೀನಿಗೆ ಅಂತ ಡಿಸ್ಕಲ್ಲಿ ಬೇರೆ ಮಾಡಿಟ್ಟಿರೋ ಭಾಗ) 250 ಎಂಬಿ ಖಾಲಿ ಜಾಗ ಬೇಕಿತ್ತು, ಹಳೇ ಮಷೀನುಗಳಲ್ಲಿ ಆ ಪಾರ್ಟಿಷನೇ ಚಿಕ್ಕದು, ಹಾಗಾಗಿ ಫೇಲ್ ಆಗ್ತಿತ್ತು, ಎರರ್ ಮಾತ್ರ ಜಾಗ ಇಲ್ಲ ಅಂತ ಹೇಳ್ದೆ ಸುಮ್ನೆ ಇನ್‌ಸ್ಟಾಲ್ ಆಗ್ಲಿಲ್ಲ ಅಂತಿತ್ತು. ಪಾರ್ಟಿಷನ್ ಕೈಯಾರೆ ದೊಡ್ಡದು ಮಾಡೋ ವಿಧಾನ ಮೈಕ್ರೋಸಾಫ್ಟೇ ಕೊಟ್ಟಿತ್ತು, ಆದ್ರೆ ಬ್ಯಾಕಪ್ ಇಲ್ದೆ ಪಾರ್ಟಿಷನ್ ಮುಟ್ಟೋದು ನಾನಂತೂ ಯಾರಿಗೂ ಹೇಳಲ್ಲ. ಅದು ಬಿಟ್‌ಲಾಕರ್ ದಾಟಿ ಡೇಟಾ ನೋಡೋ ದೋಷಕ್ಕೆ ಕೊಟ್ಟಿದ್ದು, ಅದಕ್ಕೂ ಕಂಪ್ಯೂಟರ್ ಕಳ್ಳನ ಕೈಗೆ ಸಿಕ್ಕಿರ್ಬೇಕು. ನಿಮ್ಮಲ್ಲಿ ಬಿಟ್‌ಲಾಕರೇ ಇಲ್ಲ, ಉಳಿದ ಅಪ್‌ಡೇಟೆಲ್ಲಾ ಸರಿಯಾಗಿ ಆಗ್ತಿದೆ ಅಂದ್ರೆ ಆ ಒಂದು ಎರರನ್ನ ಅದರ ಪಾಡಿಗೆ ಬಿಟ್ಟುಬಿಡಿ.

ಈಗ ನಿಮ್ಮ ಕೊನೇ ಪ್ರಶ್ನೆ, ಅಪ್‌ಡೇಟೇ ಆಫ್ ಮಾಡಿಬಿಡ್ಲಾ ಅಂತ. ನಿಮ್ಮ ಕೋಪ ಅರ್ಥ ಆಗುತ್ತೆ, ಆದ್ರೂ ಬೇಡ. 2017ರ ಮೇ 12ಕ್ಕೆ ವಾನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ 150ರಷ್ಟು ದೇಶಗಳಲ್ಲಿ ಲಕ್ಷಾಂತರ ಕಂಪ್ಯೂಟರಿನ ಫೈಲು ಲಾಕ್ ಮಾಡಿ ದುಡ್ಡು ಕೇಳ್ತು, ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳ ಕೆಲಸಕ್ಕೇ ಪೆಟ್ಟು ಬಿತ್ತು. ಅದು ನುಗ್ಗಿದ ತೂತಿಗೆ ಪ್ಯಾಚ್ ಬಂದಿದ್ದು ಅದೇ ವರ್ಷ ಮಾರ್ಚ್ 14ಕ್ಕೆ, ಅಂದ್ರೆ ಸುಮಾರು ಎರಡು ತಿಂಗಳು ಮುಂಚೆ. ಹಾಕ್ಕೊಂಡಿದ್ದೋರು ಆ ತೂತಿಂದ ಬಚಾವಾದ್ರು. ನಿಮ್ಮ ಲೆಕ್ಕದ ಫೈಲು, ಫೋಟೋ ಇರೋ ಮಷೀನು ಇಂಟರ್ನೆಟ್ಟಿಗೆ ಸೇರಿರೋ ತನಕ ಅಪ್‌ಡೇಟ್ ಬೇಕೇ ಬೇಕು. ಬೇಕಾಗಿರೋದು ಸ್ವಲ್ಪ ತಡ ಮಾಡೋದು ಅಷ್ಟೇ. ಮೈಕ್ರೋಸಾಫ್ಟ್ ತಿಂಗಳ ಭದ್ರತಾ ಅಪ್‌ಡೇಟ್ ಬಿಡೋದು ಪ್ರತಿ ತಿಂಗಳ ಎರಡನೇ ಮಂಗಳವಾರ. ಅವತ್ತಿಂದ ಒಂದು ವಾರ, ಹತ್ತು ದಿನ ಪಾಸ್ ಮಾಡಿಟ್ರೆ ಅದ್ರಲ್ಲಿ ದೊಡ್ಡ ದೋಷ ಇದ್ರೆ ಅಷ್ಟೊತ್ತಿಗೆ ಬೇರೆಯವರಿಗೆ ಗೊತ್ತಾಗಿ ಸುದ್ದಿ ಆಗಿರುತ್ತೆ. 'ಆಪ್ಷನಲ್' ಅಂತ, 'ಪ್ರಿವ್ಯೂ' ಅಂತ ಬರೋದನ್ನ ಹಳೇ ಮಷೀನಲ್ಲಿ ಹಾಕ್ಕೊಳ್ಳೋದೇ ಬೇಡ, ಅದ್ರಲ್ಲಿರೋದೇ ಮುಂದಿನ ತಿಂಗಳು ಪರೀಕ್ಷೆ ಆಗಿ ಬರುತ್ತೆ.

ಆದ್ರೆ ವಿಂಡೋಸ್ 10 ಬಗ್ಗೆನೇ ಒಂದು ನಿರ್ಧಾರ ನೀವು ತಗೊಳ್ಳೇಬೇಕು. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಮನೆ ಬಳಕೆಯವರಿಗೆ ಇಎಸ್‌ಯು ಅನ್ನೋ ಹೆಸರಲ್ಲಿ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ಮಾತ್ರ ಕೊಡ್ತಾರೆ, ಅದಕ್ಕೆ 22ಎಚ್2 ಆವೃತ್ತಿ ಇರ್ಬೇಕು, ಮೈಕ್ರೋಸಾಫ್ಟ್ ಅಕೌಂಟಲ್ಲಿ ಹೆಸರು ನೋಂದಾಯಿಸ್ಬೇಕು, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡು ಕೊಡದೇನೂ ಆಗುತ್ತೆ. ವಿಂಡೋಸ್ 11 ನಿಮ್ಮ ಲ್ಯಾಪ್‌ಟಾಪಿಗೆ ಅಧಿಕೃತವಾಗಿ ಆಗಲ್ಲ, ಇಂಟೆಲ್ ಆದ್ರೆ ಎಂಟನೇ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಕೇಳುತ್ತೆ. ಅಡ್ಡದಾರೀಲಿ ಹಾಕಿಕೊಡ್ತೀವಿ ಅನ್ನೋರು ಸಿಗ್ತಾರೆ, ಅಂಥ ಮಷೀನಿಗೆ ಮುಂದೆ ಅಪ್‌ಡೇಟ್ ಕೊಡ್ತೀವಿ ಅಂತ ಮೈಕ್ರೋಸಾಫ್ಟ್ ಭರವಸೆ ಕೊಟ್ಟಿಲ್ಲ, ಅಂದ್ರೆ ಈಗ ಬಂದಿರೋ ತಲೆನೋವನ್ನೇ ದೊಡ್ಡದು ಮಾಡ್ಕೊಂಡಂಗೆ.

ನನ್ನ ಅಭಿಪ್ರಾಯ ಕೇಳಿದ್ರೆ, ಸ್ಮಾರ್ಟ್ ಡೇಟಾ ಏನೇ ಹೇಳ್ಲಿ, ಆ ಹಾರ್ಡ್ ಡಿಸ್ಕ್ ತೆಗೆದು ಒಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ, ವೇಗದ ಡಿಸ್ಕ್) ಹಾಕ್ಸಿ. ಅಪ್‌ಡೇಟ್ ಗಂಟೆಗಟ್ಟಲೆ ತಗೊಳ್ಳೋದು ನಿಲ್ಲುತ್ತೆ, 4 ಜಿಬಿ ರ‍್ಯಾಮಿದ್ರೂ ಮಷೀನ್ ಉಸಿರಾಡುತ್ತೆ, ಸಾಧ್ಯ ಆದ್ರೆ ರ‍್ಯಾಮನ್ನೂ 8 ಜಿಬಿ ಮಾಡ್ಸಿ. ಹಳೇ ಡಿಸ್ಕ್ ಚೆನ್ನಾಗಿದ್ರೆ ಕ್ಲೋನ್ ಮಾಡ್ಬೋದು, ಅಂದ್ರೆ ಇದ್ದದ್ದು ಇದ್ದಂಗೇ ಹೊಸದಕ್ಕೆ ನಕಲು, ಪೆಂಡಿಂಗ್ ಸೆಕ್ಟರ್ ಇದ್ರೆ ಕ್ಲೋನ್ ಬೇಡ, ಹೊಸದಾಗಿ ವಿಂಡೋಸ್ ಹಾಕಿ ಫೈಲ್ ಮಾತ್ರ ತಂದ್ಕೊಳ್ಳಿ. ಲೈಸೆನ್ಸ್ ಬಗ್ಗೆ ಚಿಂತೆ ಬೇಡ, ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡ್ ಲೆಕ್ಕದಲ್ಲಿ ಇರುತ್ತೆ, ಡಿಸ್ಕ್ ಬದಲಾದ್ರೂ ಇಂಟರ್ನೆಟ್ ಸಿಕ್ಕಾಗ ತಾನೇ ಆ್ಯಕ್ಟಿವೇಟ್ ಆಗುತ್ತೆ. ಇಎಸ್‌ಯು ಅವಧಿ ಮುಗಿದ್ಮೇಲೆ ಬ್ರೌಸರ್, ಮೇಲ್, ಫೋಟೋ ಇಷ್ಟೇ ನಿಮ್ಮ ಬಳಕೆ ಆದ್ರೆ ಫೈಲ್ ತೆಗಿಯೋಕೆ ಬಳಸಿದ ಅದೇ ಮಿಂಟನ್ನ ಹಾಕ್ಕೊಂಡು ಇನ್ನೂ ಕೆಲವು ವರ್ಷ ನೆಮ್ಮದಿಯಾಗಿ ಓಡಿಸ್ಬೋದು. ಲೆಕ್ಕದ ಸಾಫ್ಟ್‌ವೇರ್ ವಿಂಡೋಸಲ್ಲೇ ಓಡ್ಬೇಕು ಅಂದ್ರೆ ಆ ಮಷೀನನ್ನ ಇಂಟರ್ನೆಟ್ಟಿಂದ ತೆಗೆದು ಲೆಕ್ಕಕ್ಕೆ ಮಾತ್ರ ಇಟ್ಕೊಳ್ಳಿ.

ಇಷ್ಟೆಲ್ಲಾ ಮಾಡಿಯೂ ಏಳ್ಲಿಲ್ಲ ಅಂದ್ರೆ ಮತ್ತೆ ಬರೀರಿ, ಬರೆಯೋವಾಗ ಮೂರು ವಿಷಯ ಇರ್ಲಿ: ಸ್ಮಾರ್ಟ್ ಡೇಟಾದ ಆ ಮೂರು ಸಾಲಿನ ಅಂಕಿ, ಕೆಟ್ಟ ಅಪ್‌ಡೇಟಿನ ಕೆಬಿ ನಂಬರ್, ನೀಲಿ ಸ್ಕ್ರೀನ್ ಬಂದಿದ್ರೆ ಅದ್ರಲ್ಲಿ ಕೆಳಗೆ ಬರೋ ಸ್ಟಾಪ್ ಕೋಡ್. ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಂಡ್ರೂ ಸಾಕು. ಮತ್ತೆ ಫೋಟೋ ಫೋಲ್ಡರ್ ಕಾಪಿ ಆದ್ಮೇಲೆ ಎಕ್ಸ್‌ಟರ್ನಲ್ ಡಿಸ್ಕನ್ನ ಬೇರೆ ಕಂಪ್ಯೂಟರಿಗೆ ಹಾಕಿ ಅಲ್ಲೊಂದು ಇಲ್ಲೊಂದು ಫೋಟೋ ತೆಗೆದು ನೋಡಿ, ಪೂರ್ತಿ ತೆರ್ಕೊಳ್ತಾ ಇದೆಯಾ ಅಂತ. ಅದು ಖಾತ್ರಿ ಆಗೋ ತನಕ ಹಳೇ ಡಿಸ್ಕನ್ನ ಯಾರ ಕೈಗೂ ಕೊಡ್ಬೇಡಿ.